ತೊಗರಿ, ಯೂರಿಯಾ, ಆರತಿ ನೀರು: ನನ್ನ ಅಡುಗೆಮನೆ ಲ್ಯಾಬಿನ ಎರಡು ತಿಂಗಳು

ಹೋದ ವರ್ಷ ಕೊಟ್ಟಿಗೆ ಪಕ್ಕ ಒಂದು ಯೂರಿಯಾ ಚೀಲ ಹರಿದು ನಾಲ್ಕೈದು ಕಿಲೋ ನೆಲಕ್ಕೆ ಚೆಲ್ಲಿತ್ತು. ಸಂಜೆ ನಾಲ್ಕು ಹನಿ ಮಳೆ ಬಿತ್ತು. ಎರಡನೇ ದಿನ ಅಲ್ಲಿ ನಿಲ್ಲೋಕಾಗದಷ್ಟು ಘಾಟು. ಚೀಲದೊಳಗಿನ ಯೂರಿಯಾ ಮೂಸಿದರೆ ಆ ವಾಸನೆಯೇ ಇಲ್ಲ. "ಗೊಬ್ಬರ ಗಾಳಿಗೆ ಹೋಗ್ತಿದೆ ಕಣಪ್ಪ, ಅದಕ್ಕೇ ಹೊಲಕ್ಕೆ ಹಾಕಿದ ತಕ್ಷಣ ಕುಂಟೆ ಹೊಡಿ ಅನ್ನೋದು" ಅಂದರು ಅಪ್ಪ.

ಗಾಳಿಗೆ ಹೋಗುತ್ತಿದ್ದದ್ದು ಅಮೋನಿಯಾ. ಯೂರಿಯಾವನ್ನು ಒಡೆದು ಅಮೋನಿಯಾ ಮಾಡುವುದು ಯೂರಿಯೇಸ್ ಅನ್ನುವ ಕಿಣ್ವ, ಅಂದರೆ ಜೀವಿಗಳೊಳಗೆ ರಾಸಾಯನಿಕ ಕ್ರಿಯೆಯನ್ನು ಚುರುಕು ಮಾಡುವ ಎಂಜೈಮ್. ಮಣ್ಣಿನ ಸೂಕ್ಷ್ಮಜೀವಿಗಳಲ್ಲಿ ಅದು ಧಾರಾಳವಾಗಿದೆ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಬೇರೆ ಮಾತು. ಅದೇ ಕಿಣ್ವ ಸೋಯಾ, ಹುರುಳಿ, ಕಲ್ಲಂಗಡಿ ಬೀಜದಲ್ಲಿದೆ, ನಮ್ಮ ತೊಗರಿಯಲ್ಲೂ ಇದೆ. ಡಬ್ಬದಲ್ಲಿ ಒಣಗಿ ಕೂತ ಕಾಳಿನೊಳಗೆ ಕೆಲಸಕ್ಕೆ ತಯಾರಾಗಿರುವ ಕಿಣ್ವ! ಅದನ್ನು ಕಣ್ಣಾರೆ ನೋಡಬೇಕು ಅಂತ ಶುರುವಾದ ಭಾನುವಾರದ ಕೆಲಸ ಇದು. ನೋಟ್‌ಬುಕ್ಕಿನಿಂದ ತೆಗೆದು ಬರೆಯುತ್ತಿದ್ದೇನೆ.

ಜೂನ್ 8

ಸಾಮಾನು: ಅಪ್ಪನ ಚೀಲದಿಂದ ಎರಡು ಹಿಡಿ ಯೂರಿಯಾ, ಅಕ್ಕಡಿ ಸಾಲಿನಲ್ಲಿ ಬೆಳೆದ ತೊಗರಿ, ಔಷಧಿ ಅಂಗಡಿಯ ಸೂಜಿ ಇಲ್ಲದ ಸಿರಿಂಜು, ಅಡುಗೆಮನೆಯ ತೂಕದ ಮಷಿನ್, ಕೆಮ್ಮಿನ ಸಿರಪ್ಪಿನ ಖಾಲಿ ಬಾಟಲಿಗಳು. ಲೋಟ, ಚಮಚ ಎಲ್ಲ ಬೇರೆ ಇಟ್ಟಿದ್ದೇನೆ. ಮೇಲೆ ಕೆಂಪು ಟೇಪು. ಅಮ್ಮನ ಷರತ್ತು ಅದು.

ಈಗ ಸಿಗುವ ಯೂರಿಯಾಗೆಲ್ಲ ಬೇವಿನೆಣ್ಣೆ ಲೇಪ ಇರುತ್ತದೆ. ಕರಗಿಸಿದರೆ ನೀರಿನ ಮೇಲೆ ತೆಳ್ಳಗೆ ಜಿಡ್ಡು. ಬೇವು ನನ್ನ ಕಿಣ್ವವನ್ನೇ ಕೆಡಿಸಿದರೆ ಅಂತ ಹೆದರಿದ್ದೆ. ಅದರ ಮುಖ್ಯ ಕೆಲಸ ಮುಂದಿನ ಹಂತದಲ್ಲಂತೆ, ಅಮೋನಿಯಾ ನೈಟ್ರೇಟ್ ಆಗುವುದನ್ನು ನಿಧಾನ ಮಾಡುವುದು. ಆದರೂ ಬಟ್ಟೆಯಲ್ಲಿ ಎರಡು ಸಲ ಸೋಸಿದೆ. 100 ಮಿಲಿ ನೀರಿಗೆ 2 ಗ್ರಾಂ. ಮೊದಲು ಗಟ್ಟಿ ದ್ರಾವಣ ಮಾಡಿಕೊಳ್ಳೋಣ ಅಂತ ಒಂದೇ ಸಲ ಜಾಸ್ತಿ ಸುರಿದಾಗ ಲೋಟ ಕೈಗೆ ತಣ್ಣಗಾಯಿತು. ಯೂರಿಯಾ ಕರಗುವಾಗ ನೀರಿನ ಶಾಖ ಎಳೆದುಕೊಳ್ಳುತ್ತದೆ. ಗೊತ್ತಿದ್ದರೂ ಕೈಗೆ ತಟ್ಟಿದಾಗ ಖುಷಿಯಾಗುತ್ತದೆ.

ಅಮೋನಿಯಾ ಬಂತೋ ಇಲ್ಲವೋ ತಿಳಿಯಲು ಅರಿಶಿನ. ಅಂಗಡಿ ಪುಡಿಯಲ್ಲಿ ಏನು ಬಣ್ಣ ಕಲಸಿರುತ್ತಾರೋ ಅಂತ ಅರಿಶಿನದ ಕೊಂಬನ್ನೇ ಕುಟ್ಟಿ ಸ್ಪಿರಿಟ್‌ನಲ್ಲಿ ನೆನೆಸಿದೆ. ಹುಳಿಯಲ್ಲಿ ಹಳದಿ, ಕ್ಷಾರದಲ್ಲಿ ಕೆಂಪು.

10 ಗ್ರಾಂ ತೊಗರಿಯನ್ನು ಮಿಕ್ಸಿಯಲ್ಲಿ ಹಿಟ್ಟು ಮಾಡಿ, 100 ಮಿಲಿ ನೀರಿನಲ್ಲಿ ಅರ್ಧ ಗಂಟೆ ಬಿಟ್ಟು ಸೋಸಿದೆ. ಆ ತಿಳಿ 5 ಮಿಲಿ, ಯೂರಿಯಾ ನೀರು 20 ಮಿಲಿ, ಅರಿಶಿನ ಹತ್ತು ಹನಿ. ಮೊದಲು ಮಜ್ಜಿಗೆ ಹುಳಿಯ ಹಳದಿ. ಐದು ನಿಮಿಷಕ್ಕೆ ತಳದಲ್ಲಿ ಕಿತ್ತಳೆಯ ಎಳೆ. ಅಲ್ಲಾಡಿಸಿದೆ, ಹೋಯಿತು. ಮತ್ತೆ ಬಂತು. ಆಮೇಲೆ ಇಡೀ ಬಾಟಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಅಮ್ಮ ಹಿಂದಿನಿಂದ ಇಣುಕಿ, "ಇದು ಆರತಿ ನೀರಲ್ವಾ?" ಅಂದಳು. ಹೌದು, ಅದೇ. ಅರಿಶಿನಕ್ಕೆ ಸುಣ್ಣ ಹಾಕಿದರೆ ಆಗುವುದೂ ಇದೇ. ಇಲ್ಲಿ ಸುಣ್ಣದ ಕೆಲಸವನ್ನು ತೊಗರಿ ಮಾಡಿತು.

ಜೂನ್ 15

ಇವತ್ತು ಕಂಟ್ರೋಲ್ ಬಾಟಲಿಗಳು, ಅಂದರೆ ಹೋಲಿಸಿ ನೋಡಲು ಒಂದೊಂದು ಅಂಶ ಬಿಟ್ಟು ಅಥವಾ ಬದಲಿಸಿ ಇಟ್ಟವು. ಒಂದರಲ್ಲಿ ಯೂರಿಯಾ ಇಲ್ಲ, ಒಂದರಲ್ಲಿ ತೊಗರಿ ಇಲ್ಲ, ಮೂರನೆಯದರಲ್ಲಿ ಕುದಿಸಿದ ತೊಗರಿ ತಿಳಿ. ಕುದಿಸಿದರೆ ಕಿಣ್ವ ಸಾಯಬೇಕು, ಬಣ್ಣ ಹಳದಿಯಾಗೇ ಇರಬೇಕು.

ಕುದಿಸಿದ್ದೂ ಕೆಂಪಾಯಿತು. ಅದೂ ಹಾಕಿದ ತಕ್ಷಣ.

ಆ ದಿನ ಪೂರ್ತಿ ಹಾಳು. ಇಪ್ಪತ್ತು ನಿಮಿಷ ಕುದಿಸಿದೆ, ಅರ್ಧ ಗಂಟೆ ಕುದಿಸಿದೆ. ಜಾಸ್ತಿ ಕುದಿಸಿದಷ್ಟೂ ಜಾಸ್ತಿ ಕೆಂಪು! ಕುದಿಸಿದರೆ ಚುರುಕಾಗುವ ಕಿಣ್ವ ಕಂಡುಹಿಡಿದೆ ಅಂತ ಒಂದು ಗಳಿಗೆ ಅಂದುಕೊಂಡದ್ದನ್ನು ಮುಚ್ಚಿಡುವುದಿಲ್ಲ.

ಜೂನ್ 17

ರಾತ್ರಿ ಹೊಳೆಯಿತು. ತೊಗರಿಯನ್ನೂ ಯೂರಿಯಾವನ್ನೂ ಬಿಟ್ಟು ಬರೀ ಬೋರ್‌ವೆಲ್ ನೀರು ಕುದಿಸಿ ಅರಿಶಿನ ಹಾಕಿದೆ. ಕೆಂಪು.

ನಮ್ಮ ಬೋರ್ ನೀರು ಗಡಸು. ಪಾತ್ರೆ ತಳದಲ್ಲಿ ಬಿಳಿ ಕಟ್ಟುವಂಥದ್ದು. ಅದರಲ್ಲಿ ಬೈಕಾರ್ಬನೇಟ್ ಇರುತ್ತದೆ. ಕುದಿಸಿದಾಗ ಇಂಗಾಲದ ಡೈ ಆಕ್ಸೈಡ್ ಹಾರಿ ಹೋಗಿ ನೀರು ಕ್ಷಾರದ ಕಡೆಗೆ ಸರಿಯುತ್ತದೆ. ಕಿಣ್ವಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಮೊದಲ ದಿನದ ಕೆಂಪಿನಲ್ಲೂ ನೀರಿನ ಪಾಲು ಸ್ವಲ್ಪ ಇದ್ದಿರಬೇಕು. ಹಾಗಾಗಿ ಜೂನ್ 8ರ ಪುಟಕ್ಕೆ ಅಡ್ಡಗೆರೆ ಎಳೆದಿದ್ದೇನೆ.

ಬ್ಯಾಟರಿ ಅಂಗಡಿಯಿಂದ ಐದು ಲೀಟರ್ ಡಿಸ್ಟಿಲ್ಡ್ ವಾಟರ್ ತಂದೆ, ಇನ್ವರ್ಟರಿಗೆ ಹಾಕುತ್ತೇವಲ್ಲ ಅದು. ಎಲ್ಲ ಮೊದಲಿಂದ. ಈ ಸಲ ಕುದಿಸಿದ ತಿಳಿಯ ಬಾಟಲಿ ಬೆಳಗಿನವರೆಗೂ ಹಳದಿ. ಯೂರಿಯಾ ಇಲ್ಲದ್ದು, ತೊಗರಿ ಇಲ್ಲದ್ದು ಹಳದಿ. ಹಸಿ ತೊಗರಿ ಮಾತ್ರ ಕೆಂಪು. ಆರತಿ ಎತ್ತಬೇಕಾದದ್ದು ಇವತ್ತು.

ಜೂನ್ 29

ಬರೀ ಬಣ್ಣ ನೋಡಿದರೆ ಸಾಲದು, ಅಳತೆ ಬೇಕು. ಎಲ್ಲ ಬಾಟಲಿಗೂ ಶುರುವಿನಲ್ಲೇ ಮೂರು ಹನಿ ವಿನೆಗರ್ ಹಾಕುತ್ತೇನೆ. ಆ ಹುಳಿಯನ್ನು ಮುಗಿಸುವಷ್ಟು ಅಮೋನಿಯಾ ಹುಟ್ಟಿದ ಮೇಲೇ ಅರಿಶಿನ ತಿರುಗುತ್ತದೆ. ಎಷ್ಟು ನಿಮಿಷ ಹಿಡಿಯಿತು ಅನ್ನುವುದೇ ಲೆಕ್ಕ. ಒಂದು ಯೂರಿಯಾ ಅಣು ಒಡೆದರೆ ಎರಡು ಅಮೋನಿಯಾ.

ಸೋಯಾ 4 ನಿಮಿಷ, ಕಲ್ಲಂಗಡಿ ಬೀಜ 6, ಹುರುಳಿ 7, ಹೊಲದ ತೊಗರಿ 11, ಅಂಗಡಿ ತೊಗರಿಬೇಳೆ 19. ಬೇಳೆ ಹಿಂದೆ ಬಿದ್ದದ್ದು ಮಿಲ್ಲಿನಲ್ಲಿ ನೆನೆಸಿ ಒಣಗಿಸಿದ್ದಕ್ಕೆ ಇರಬಹುದು. ಇದು ನನ್ನ ಊಹೆ ಅಷ್ಟೆ, ಪ್ರತಿಯೊಂದನ್ನೂ ಎರಡೇ ಸಲ ನೋಡಿದ್ದೇನೆ. ಸೋಯಾ ಮುಂದೆ ಇದ್ದದ್ದು ಆಶ್ಚರ್ಯವಲ್ಲ. ಕೋಳಿ, ದನದ ಮೇವಿನ ಫ್ಯಾಕ್ಟರಿಗಳಲ್ಲಿ ಸೋಯಾ ಹಿಂಡಿ ಸರಿಯಾಗಿ ಹುರಿದಿದೆಯಾ ಅಂತ ನೋಡುವುದೂ ಯೂರಿಯೇಸ್ ಪರೀಕ್ಷೆಯಿಂದಲೇ. ಕಿಣ್ವ ಇನ್ನೂ ಚುರುಕಾಗಿದ್ದರೆ ಹಿಂಡಿ ಹಸಿ ಅಂತ ಅರ್ಥ.

ಬಿಸಿಯ ಲೆಕ್ಕವನ್ನೂ ನೋಡಿದೆ. 50 ಡಿಗ್ರಿ ನೀರಿನಲ್ಲಿಟ್ಟ ತೊಗರಿ ಬಾಟಲಿ 4 ನಿಮಿಷಕ್ಕೇ ಕೆಂಪು, ಫ್ರಿಜ್ಜಿನಲ್ಲಿಟ್ಟದ್ದು 38 ನಿಮಿಷ.

ಜುಲೈ 6

ಇವತ್ತು ದುರಾಸೆ. ಸಮ್ನರ್ ಮಾಡಿದ್ದನ್ನು ಮಾಡಿ ನೋಡೋಣ ಅಂತ.

ಜೇಮ್ಸ್ ಸಮ್ನರ್ ಕತೆ ಗೊತ್ತಿಲ್ಲದವರಿಗೆ: ಅಮೆರಿಕದವರು. ಎಡಗೈಯಲ್ಲೇ ಎಲ್ಲ ಕೆಲಸ ಮಾಡುತ್ತಿದ್ದ ಹುಡುಗ, 17ನೇ ವಯಸ್ಸಿನಲ್ಲಿ ಬೇಟೆಗೆ ಹೋದಾಗ ಜೊತೆಯವನ ಗುಂಡು ತಗುಲಿ ಆ ಎಡಗೈಯನ್ನೇ ಕಳೆದುಕೊಂಡರು. ಹಾರ್ವರ್ಡಿನಲ್ಲಿ ಒಟ್ಟೊ ಫೋಲಿನ್, ಒಂದು ಕೈಯವನಿಗೆ ರಸಾಯನಶಾಸ್ತ್ರ ಆಗದು, ಲಾ ಓದು ಅಂದರಂತೆ. ಇವರು ಕೇಳಲಿಲ್ಲ. 1917ರಲ್ಲಿ ಕಾರ್ನೆಲ್‌ನಲ್ಲಿ ಜ್ಯಾಕ್ ಬೀನ್ ಅನ್ನುವ ಕಾಳಿನ ಯೂರಿಯೇಸ್ ಹಿಂದೆ ಬಿದ್ದರು. ಒಂಬತ್ತು ವರ್ಷ. 1926ರಲ್ಲಿ ಕಾಳಿನ ಹಿಟ್ಟನ್ನು ಸುಮಾರು ಶೇ. 32ರ ಅಸಿಟೋನಿನಲ್ಲಿ ಕಲಸಿ, ಸೋಸಿ, ರಾತ್ರಿಯಿಡೀ ತಣ್ಣಗಿಟ್ಟು, ಬೆಳಗ್ಗೆ ಒಂದು ಹನಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಪುಟಾಣಿ ಹರಳುಗಳು. ಮೊಟ್ಟಮೊದಲು ಹರಳಾಗಿ ಸಿಕ್ಕ ಕಿಣ್ವ ಅದು. ಕಿಣ್ವ ಅಂದರೆ ಪ್ರೋಟೀನ್ ಅಂತ ಅವರು ಹೇಳಿದ್ದನ್ನು ವಿಲ್‌ಸ್ಟೇಟರ್‌ನಂಥ ದೊಡ್ಡ ರಸಾಯನಶಾಸ್ತ್ರಜ್ಞರೇ ಒಪ್ಪಲಿಲ್ಲ. ಇನ್ನೊಬ್ಬ ಅಮೆರಿಕದ ರಸಾಯನಶಾಸ್ತ್ರಜ್ಞ ನಾರ್ತ್ರಪ್ 1930ರಲ್ಲಿ ಹೊಟ್ಟೆಯ ಜೀರ್ಣಕಿಣ್ವ ಪೆಪ್ಸಿನ್‌ನ ಹರಳು ತೆಗೆದ ಮೇಲೆ ಗಾಳಿ ತಿರುಗಿತು. 1946ರಲ್ಲಿ ಸಮ್ನರ್‌ಗೆ ನೊಬೆಲ್ ಬಂತು. ಇಷ್ಟೆಲ್ಲ ಆದರೂ ಯೂರಿಯೇಸಿನೊಳಗೆ ನಿಕಲ್ ಲೋಹ ಇದೆ ಅಂತ ಗೊತ್ತಾಗಿದ್ದು 1975ರಲ್ಲಿ. ಅಲ್ಲಿವರೆಗೆ ಯಾವ ಕಿಣ್ವದಲ್ಲೂ ನಿಕಲ್ ಇರುವುದು ಗೊತ್ತೇ ಇರಲಿಲ್ಲ.

ನನ್ನ ಸಾಹಸ: 20 ಗ್ರಾಂ ತೊಗರಿ ಹಿಟ್ಟು, 100 ಮಿಲಿ ಅಸಿಟೋನ್ ನೀರು. ಅಂಗಳದಲ್ಲೇ ಮಾಡಿದೆ, ಹತ್ತಿರ ಒಲೆ ಇಲ್ಲ. ಮನೆ ಫ್ರಿಜ್ಜಿನೊಳಗೆ ಅಸಿಟೋನ್ ಇಡಬೇಡಿ, ಅದರ ಆವಿಗೆ ಒಂದು ಸಣ್ಣ ಕಿಡಿ ಸಾಕು. ಥರ್ಮಾಕೋಲ್ ಡಬ್ಬದಲ್ಲಿ ಐಸ್ ತುಂಬಿ ವರಾಂಡದಲ್ಲಿಟ್ಟೆ. ಬೆಳಗ್ಗೆ ಐಸೆಲ್ಲ ನೀರು. ಫೋಲ್ಡ್‌ಸ್ಕೋಪ್ ಅನ್ನುವ ಕಾಗದದ ಮೈಕ್ರೋಸ್ಕೋಪಿನಲ್ಲಿ ಕಂಡದ್ದು ಗಂಜಿಯಂಥ ಮಬ್ಬು, ಒಂದು ನಾರು, ಒಂದು ಸತ್ತ ನುಸಿ. ಹರಳಿಲ್ಲ. ತೊಗರಿಯಲ್ಲಿ ಜ್ಯಾಕ್ ಬೀನ್‌ನಷ್ಟು ಯೂರಿಯೇಸ್ ಎಲ್ಲಿಂದ ಬರಬೇಕು? ಸೋಸಿದ ನೀರು ಮಾತ್ರ ಯೂರಿಯಾವನ್ನು ಚೆನ್ನಾಗೇ ಒಡೆಯಿತು. ಅಷ್ಟಕ್ಕೆ ಸಮಾಧಾನ.

ಜುಲೈ 20

ಈ ಎರಡು ತಿಂಗಳಲ್ಲಿ ನನಗೆ ಅತಿ ಇಷ್ಟವಾದ ದಿನ ಇದು. ಕಿಣ್ವವನ್ನು ತಡೆಯುವುದು ಹೇಗೆ ಅಂತ ನೋಡಬೇಕಿತ್ತು. ಮೊದಲು ಕೇರಂ ಪೌಡರ್ ತೆಗೆದುಕೊಂಡೆ. ಅದರಲ್ಲಿ ಬೋರಿಕ್ ಆಮ್ಲ ಇರುತ್ತದೆ, ಅದು ಯೂರಿಯೇಸನ್ನು ತಡೆಯುತ್ತದೆ. ಆಮೇಲೆ ನೆನಪಾಯಿತು, ಬೋರಿಕ್ ಆಮ್ಲ ಹಿಡಿಯುವ ಹಳೇ ಪರೀಕ್ಷೆಯೇ ಅರಿಶಿನದ ಕಾಗದ, ಅಲ್ಲೂ ಅರಿಶಿನ ಕೆಂಪಾಗುತ್ತದೆ. ಬೋರ್ ನೀರಿನ ಪಾಠ ಇನ್ನೂ ಹಸಿ. ಪೌಡರ್ ಡಬ್ಬ ವಾಪಸ್ ಕೇರಂ ಬೋರ್ಡಿನ ಹತ್ತಿರ ಹೋಯಿತು.

ಬದಲಿಗೆ ಬೆಳ್ಳುಳ್ಳಿ. ಬೆಳ್ಳುಳ್ಳಿಯೊಳಗೂ ಒಂದು ಕಿಣ್ವದ ಆಟ ಇದೆ. ಇಡೀ ಎಸಳಿಗೆ ಅಷ್ಟು ವಾಸನೆ ಇಲ್ಲ, ಅಲ್ವಾ? ಆಲಿಯಿನ್ ಅನ್ನುವ ವಸ್ತು ಜೀವಕೋಶದ ಒಂದು ಕೋಣೆಯಲ್ಲಿ, ಆಲಿಯಿನೇಸ್ ಕಿಣ್ವ ಇನ್ನೊಂದರಲ್ಲಿ. ಜಜ್ಜಿದರೆ ಗೋಡೆ ಒಡೆದು ಎರಡೂ ಸೇರುತ್ತವೆ, ಆಗ ಘಾಟಿನ ಆಲಿಸಿನ್ ಹುಟ್ಟುತ್ತದೆ. ಈ ಆಲಿಸಿನ್ ಪ್ರೋಟೀನುಗಳ ಗಂಧಕದ ಕೊಂಡಿಗೆ ಹೋಗಿ ಅಂಟಿಕೊಳ್ಳುತ್ತದೆ. ಯೂರಿಯೇಸಿನ ಬಾಯಲ್ಲಿ ಅಂಥದ್ದೊಂದು ಕೊಂಡಿ ಇದೆ.

ಎರಡು ಎಸಳು ತೆಗೆದುಕೊಂಡೆ. ಒಂದನ್ನು ಹಸಿಯಾಗಿ ಜಜ್ಜಿ ಹತ್ತು ನಿಮಿಷ ಬಿಟ್ಟೆ. ಇನ್ನೊಂದನ್ನು ಸಿಪ್ಪೆ ಸಮೇತ ಇಡಿಯಾಗಿ ಕುದಿಸಿ ಆಮೇಲೆ ಜಜ್ಜಿದೆ. ಎರಡರ ರಸವನ್ನೂ ತೊಗರಿ ತಿಳಿಯ ಜೊತೆ ಅರ್ಧ ಗಂಟೆ ಇಟ್ಟು, ಆಮೇಲೆ ಯೂರಿಯಾ ಹಾಕಿದೆ.

ಕುದಿಸಿ ಜಜ್ಜಿದ್ದು 13 ನಿಮಿಷಕ್ಕೆ ಕೆಂಪು, ಸುಮ್ನೆ ತೊಗರಿಯಷ್ಟೇ ಅನ್ನಬಹುದು. ಹಸಿ ಜಜ್ಜಿದ್ದು ಎರಡು ಗಂಟೆಯಾದರೂ ಹಳದಿ. ಒಂದೇ ಗಡ್ಡೆಯ ಅಕ್ಕಪಕ್ಕದ ಎಸಳುಗಳು! ಕುದಿಸಿದ್ದರಲ್ಲಿ ಬೆಳ್ಳುಳ್ಳಿಯ ಕಿಣ್ವ ಮೊದಲೇ ಸತ್ತಿತ್ತು, ಹಾಗಾಗಿ ಆಲಿಸಿನ್ ಹುಟ್ಟಲಿಲ್ಲ, ಹಾಗಾಗಿ ತೊಗರಿಯ ಕಿಣ್ವ ಉಳಿಯಿತು.

ಬೆಳ್ಳುಳ್ಳಿ ರಸ ಅರಿಶಿನದ ಬಣ್ಣವನ್ನೇ ಮರೆಸುತ್ತಿಲ್ಲ ತಾನೆ ಅಂತ, ಆಗಲೇ ಕೆಂಪಾಗಿದ್ದ ಬಾಟಲಿಗೂ ಅಷ್ಟೇ ಹಸಿ ರಸ ಹಾಕಿ ನೋಡಿದೆ. ಕೆಂಪು ಹಾಗೇ ಇತ್ತು. ಅಮ್ಮನಿಗೆ ತೋರಿಸಿದರೆ, "ಒಗ್ಗರಣೆಗೆ ಇಡೀ ಎಸಳು ಹಾಕಿದರೆ ಘಮ ಬರಲ್ಲ, ಜಜ್ಜಿ ಹಾಕಬೇಕು ಅಂತ ನಾನು ಯಾವತ್ತೋ ಹೇಳಿಲ್ವಾ" ಅಂದಳು. ಹೇಳಿದ್ದಳು.

ಆಗಸ್ಟ್ 3

ಕೊನೆಗೂ ಹೊಲದ ಮಣ್ಣು. ಕೊಟ್ಟಿಗೆ ಪಕ್ಕದ್ದು ಒಂದು ಚಮಚ, ರಾಗಿ ಸಾಲಿನದು ಒಂದು ಚಮಚ. ಮಣ್ಣೂ ಸ್ವಲ್ಪ ಕ್ಷಾರ ಇದ್ದರೆ ಮತ್ತೆ ಮೋಸ ಅಂತ, ಪ್ರತಿಯೊಂದಕ್ಕೂ ಯೂರಿಯಾ ಇಲ್ಲದ ಜೋಡಿ ಬಾಟಲಿ. ಕೊಟ್ಟಿಗೆ ಮಣ್ಣು ಸಂಜೆಯೊಳಗೆ ಕೆಂಪು, ರಾಗಿ ಸಾಲಿನದು ಮಾರನೇ ಬೆಳಗ್ಗೆ. ಜೋಡಿಗಳು ಎರಡೂ ಹಳದಿ. ಅಪ್ಪ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, "ಅಂದ್ರೆ ಒಂದು ರಾತ್ರಿ ಟೈಮಿದೆ ನಂಗೆ" ಅಂದರು. ಬಾಟಲಿಯಲ್ಲಿ ನೀರು ಜಾಸ್ತಿ, ಹೊಲದ ಲೆಕ್ಕವೇ ಬೇರೆ ಅಂದೆ. ಅವರು ಆಗಲೇ ಕುಂಟೆಗೆ ಎತ್ತು ಯಾರದ್ದು ಸಿಗುತ್ತದೆ ಅಂತ ಫೋನ್ ಹಚ್ಚಿದ್ದರು.

ಒಂದು ಬಾಕಿ ಇದೆ. ಮಣ್ಣಿಗೆ ಕುದಿಸಿದ ಕಂಟ್ರೋಲ್ ಮಾಡಿಲ್ಲ. ಬರೀ ಕುದಿಸಿದರೆ ಮಣ್ಣಿನ ಜೀವಿಗಳೆಲ್ಲ ಸಾಯುವುದಿಲ್ಲ, ಕುಕ್ಕರಿನಲ್ಲಿ ಕೂಗಿಸಬೇಕು. ಅಟ್ಟದ ಮೇಲಿನ ಹಳೇ ಕುಕ್ಕರ್ ಕೊಡಲು ಅಮ್ಮ ಒಪ್ಪಿದ್ದಾಳೆ. ಅದರ ಗ್ಯಾಸ್ಕೆಟ್ ಹೋಗಿ ಎರಡು ವರ್ಷವಾಗಿದೆ, ಹೊಸದರ ದುಡ್ಡು ನಂದಂತೆ.