ಬಯಲಲ್ಲೋ, ಹಾಲ್‌ನಲ್ಲೋ?

ನಿನ್ನೆ ರಾತ್ರಿ ನಮ್ಮ ಪಿಕಲ್‌ಬಾಲ್ ವಾಟ್ಸಾಪ್ ಗುಂಪಿನಲ್ಲಿ ಒಂದು ಪ್ರಶ್ನೆ ಬಂತು. "ಮಳೆ ಕಡಿಮೆ ಆಯ್ತಲ್ಲ, ಅಕ್ಟೋಬರಿಗೂ ಹಾಲ್ ಬುಕ್ ಮಾಡೋದಾ, ಹೊರಗೆ ಹೋಗೋದಾ?" ನಾವಿರುವುದು ಹನ್ನೊಂದೇ ಜನ. ಐದು ನಿಮಿಷದಲ್ಲಿ ಇಪ್ಪತ್ತು ಮೆಸೇಜ್ ಬಿದ್ದವು. ನಾನು ಏನೂ ಬರೆಯಲಿಲ್ಲ. ಒಂದು ಸಾಲಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ತೂತು ತೂತಿನ ಪ್ಲಾಸ್ಟಿಕ್ ಚೆಂಡು, ಟೇಬಲ್ ಟೆನಿಸ್ ಬ್ಯಾಟಿಗಿಂತ ದೊಡ್ಡ ಪ್ಯಾಡಲ್, ನಡುವೆ ತಗ್ಗಾದ ನೆಟ್. 1965ರಲ್ಲಿ ಅಮೆರಿಕದ ಸಿಯಾಟಲ್ ಹತ್ತಿರದ ಬೈನ್‌ಬ್ರಿಜ್ ದ್ವೀಪದಲ್ಲಿ, ಜೋಯೆಲ್ ಪ್ರಿಚರ್ಡ್ ಎಂಬುವರ ಮನೆಯ ಹಳೇ ಶಟಲ್ ಅಂಗಳದಲ್ಲಿ ಶುರುವಾಯಿತು. ಮೊದಲು ನೆಟ್ಟನ್ನು ಶಟಲ್ ಎತ್ತರಕ್ಕೇ ಕಟ್ಟಿದ್ದರಂತೆ. ಡಾಂಬರು ನೆಲದಲ್ಲಿ ಚೆಂಡು ಚೆನ್ನಾಗಿ ಪುಟಿಯುತ್ತದೆ ಎಂದು ಗೊತ್ತಾದ ಮೇಲೆ 36 ಇಂಚಿಗೆ ಇಳಿಸಿದರು. ಅಂಗಳದ ಅಳತೆ ಮಾತ್ರ ಇವತ್ತಿಗೂ ಶಟಲ್ ಡಬಲ್ಸ್‌ನದ್ದೇ. 44 ಅಡಿ ಉದ್ದ, 20 ಅಡಿ ಅಗಲ. ಹಾಗಾಗಿ ಎಲ್ಲಿ ಶಟಲ್ ಹಾಲ್ ಇದೆಯೋ ಅಲ್ಲಿ ಪಿಕಲ್‌ಬಾಲ್ ಸುಲಭವಾಗಿ ಒಳಗೆ ಬಂದುಬಿಡುತ್ತದೆ.

ನಾನು ಕಾರವಾರದಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ತವರು ಶಿರಸಿ ಹತ್ತಿರದ ಒಂದು ಹಳ್ಳಿ. ವಯಸ್ಸು 48. ಕಾಲೇಜು ಬಿಟ್ಟ ಮೇಲೆ ಯಾವ ಆಟವನ್ನೂ ಆಡಿರಲಿಲ್ಲ. ಎರಡು ವರ್ಷದ ಹಿಂದೆ ದೀಪಾವಳಿ ರಜೆಗೆ ಬೆಂಗಳೂರಿನಿಂದ ಬಂದ ಮಗಳು ಎರಡು ಪ್ಯಾಡಲ್ ತಂದಿದ್ದಳು. ಅವಳು ವಾಪಸ್ ಹೋದಳು, ಪ್ಯಾಡಲ್ ಇಲ್ಲೇ ಉಳಿಯಿತು. ಈಗ ವಾರಕ್ಕೆ ನಾಲ್ಕು ದಿನ ಆಡುತ್ತೇನೆ.

ನಮ್ಮ ಹೊರಗಿನ ಅಂಗಳ ಕೋಡಿಬಾಗ ಕಡೆ ಇದೆ. ಹಿಂದೆ ಲಾರಿ ನಿಲ್ಲಿಸುತ್ತಿದ್ದ ಕಾಂಕ್ರೀಟ್ ಜಾಗ. ಪರಿಚಯದವರದ್ದು, ಬಾಡಿಗೆ ಕೇಳುವುದಿಲ್ಲ. ಗೆರೆ ನಾವೇ ಎಳೆದದ್ದು. ನೆಟ್ ಬ್ಯಾಗಿನಲ್ಲಿ ಹೊತ್ತು ತರುತ್ತೇವೆ. ಒಳಗಿನದ್ದು ಊರಿನ ಒಂದು ಶಟಲ್ ಹಾಲ್. ಗಂಟೆಗೆ 300 ರೂಪಾಯಿ, ನಾಲ್ವರು ಹಂಚಿಕೊಂಡರೆ ತಲೆಗೆ 75. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇರೆ ದಾರಿಯೇ ಇಲ್ಲ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರಲ್ಲಿ ಹೆಚ್ಚಿನದು ಬೀಳುವುದು ಈ ನಾಲ್ಕು ತಿಂಗಳಲ್ಲೇ. ಈ ನಾಲ್ಕು ತಿಂಗಳ ಬಗ್ಗೆ ಚರ್ಚೆ ಬೇಡ. ಚರ್ಚೆ ಇರುವುದು ಉಳಿದ ಎಂಟರ ಬಗ್ಗೆ.

ಮೊದಲು ಚೆಂಡಿನ ಮಾತು, ಏಕೆಂದರೆ ಹೊಸಬರು ಮೊದಲು ಎಡವುವುದು ಅಲ್ಲೇ. ಅಂಗಡಿಯಲ್ಲಿ ಎರಡು ಬಗೆ ಸಿಗುತ್ತದೆ. ಒಳಗಿನ ಚೆಂಡಿಗೆ ಸಾಮಾನ್ಯವಾಗಿ 26 ದೊಡ್ಡ ತೂತು. ಮೈ ಮೆತ್ತಗೆ, ಕೈಯಲ್ಲಿ ಒತ್ತಿದರೆ ಸ್ವಲ್ಪ ಬಗ್ಗುತ್ತದೆ. ಹೊರಗಿನದ್ದಕ್ಕೆ 40 ಸಣ್ಣ ತೂತು. ಗಟ್ಟಿ, ತುಸು ಭಾರ. ದೂರದಿಂದ ನೋಡಲು ಎರಡೂ ಒಂದೇ ಥರ. ಒಮ್ಮೆ ಅವಸರದಲ್ಲಿ ಹಾಲ್‌ನ ಚೆಂಡನ್ನೇ ಕೋಡಿಬಾಗಕ್ಕೆ ತಂದೆವು. ಸಂಜೆ ನಾಲ್ಕೂವರೆ, ಸಮುದ್ರದ ಗಾಳಿ ಎದ್ದಿತ್ತು. ನಾನು ಸರ್ವ್ ಮಾಡಿದ ಚೆಂಡು ನೆಟ್ ದಾಟಿ, ಅಲ್ಲೇ ಗಾಳಿಯಲ್ಲಿ ಅರೆಕ್ಷಣ ನಿಂತ ಹಾಗಾಗಿ, ಪಕ್ಕದ ತೆಂಗಿನ ಬುಡಕ್ಕೆ ಹೋಗಿ ಬಿತ್ತು. ಎಷ್ಟೇ ಭಾರ ಅಂದರೂ 27 ಗ್ರಾಂ ದಾಟದ ಚೆಂಡು. ಗಾಳಿಗೆ ಅದೊಂದು ಲೆಕ್ಕವೇ ಅಲ್ಲ. ದೊಡ್ಡ ತೂತಿನದ್ದಾದರೆ ಕೇಳುವುದೇ ಬೇಡ.

ಹೊರಗಿನ ಚೆಂಡಿಗೂ ಒಂದು ತೊಂದರೆ ಇದೆ. ಒಡೆಯುತ್ತದೆ. ಒಮ್ಮೆಲೇ ಅಲ್ಲ. ಎರಡು ತೂತುಗಳ ನಡುವೆ ಕೂದಲೆಳೆಯಂಥ ಬಿರುಕು ಬರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಮೊದಲು ಗೊತ್ತಾಗುತ್ತದೆ. ಟಕ್ ಟಕ್ ಅನ್ನುತ್ತಿದ್ದದ್ದು ಪಟ್ ಅಂತ ಕೇಳುತ್ತದೆ, ಒಣಗಿದ ಸೋರೆ ಬುರುಡೆ ಬಡಿದ ಹಾಗೆ. ಆಗ ಆಟ ನಿಲ್ಲಿಸಿ ಚೆಂಡನ್ನು ಹೆಬ್ಬೆರಳಿನಿಂದ ಸುತ್ತಲೂ ಒತ್ತುತ್ತಾ ಬರಬೇಕು. ಒಂದು ಕಡೆ ಬಾಯಿ ಬಿಡುತ್ತದೆ. ನಮ್ಮಲ್ಲಿ ಮೀನು ವ್ಯಾಪಾರ ಮಾಡುವ ಒಬ್ಬರು ಆಡುತ್ತಾರೆ. ಅವರಿಗೆ ಕೈಗೆತ್ತಿಕೊಳ್ಳುವುದೂ ಬೇಡ. ಆಚೆ ಬದಿಯಿಂದಲೇ "ಗೆಲೊ" ಅನ್ನುತ್ತಾರೆ, ಕೊಂಕಣಿಯಲ್ಲಿ, ಹೋಯ್ತು ಅಂತ. ಇಲ್ಲಿಯವರೆಗೆ ಒಮ್ಮೆಯೂ ತಪ್ಪಿಲ್ಲ.

ಈಗ ಹಾಲ್. ಅಲ್ಲಿನ ಸುಖ ಸುಖವೇ. ಗಾಳಿ ಇಲ್ಲ, ಬಿಸಿಲಿಲ್ಲ, ಎಂಟು ಗಂಟೆಗೆ ಅಂದರೆ ಎಂಟಕ್ಕೇ ಆಟ. ಕೆಲಸ ಮುಗಿಸಿ ಬರುವವರಿಗೆ ಇದು ಸಣ್ಣ ಮಾತಲ್ಲ. ಚೆಂಡು ಎಲ್ಲಿಗೆ ಕಳಿಸಿದೆವೋ ಅಲ್ಲಿಗೇ ಹೋಗುತ್ತದೆ. ಹೊಸಬರು ಪ್ಯಾಡಲ್ ಹಿಡಿಯುವುದು, ಸರ್ವ್ ಕಲಿಯುವುದು ಹಾಲ್‌ನಲ್ಲೇ ಆಗಲಿ ಅನ್ನುತ್ತೇನೆ. ತಪ್ಪಾದರೆ ತಪ್ಪು ತನ್ನದೇ ಎಂದು ಗೊತ್ತಾಗುತ್ತದೆ, ಗಾಳಿಯ ಮೇಲೆ ಹಾಕಲು ಆಗುವುದಿಲ್ಲ.

ಆದರೆ ಆ ನೆಲ ನಮ್ಮದಲ್ಲ. ಶಟಲ್‌ನಲ್ಲಿ ನೆಲ ಇರುವುದು ಕಾಲಿಗೆ. ಪಿಕಲ್‌ಬಾಲ್‌ನಲ್ಲಿ ನೆಲವೂ ಆಡುತ್ತದೆ. ಸರ್ವ್ ಮಾಡಿದ ಚೆಂಡು ಆಚೆ ಒಮ್ಮೆ ಪುಟಿಯಬೇಕು, ಅವರು ವಾಪಸ್ ಕಳಿಸಿದ್ದು ಈಚೆ ಒಮ್ಮೆ ಪುಟಿಯಬೇಕು. ಆಮೇಲಷ್ಟೇ ಗಾಳಿಯಲ್ಲೇ ಹೊಡೆಯಬಹುದು. ಶಟಲ್ ಹಾಲ್‌ನ ಮ್ಯಾಟ್ ಮೇಲೆ ಚೆಂಡು ಸತ್ತ ಹಾಗೆ ಏಳುತ್ತದೆ. ಕಾಂಕ್ರೀಟ್ ಮೇಲೆ ಸೊಂಟದ ಹತ್ತಿರ ಬರುವ ಚೆಂಡು ಅಲ್ಲಿ ಮೊಣಕಾಲಿನ ಹತ್ತಿರವೇ ಮುಗಿಯುತ್ತದೆ. ಜೂನ್ ಮೊದಲ ವಾರ ನಾವೆಲ್ಲ ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡವರೇ.

ಗೆರೆಗಳದ್ದು ಇನ್ನೊಂದು ಕಥೆ. ನೆಟ್ಟಿನಿಂದ ಏಳು ಅಡಿವರೆಗಿನ ಜಾಗವನ್ನು ಕಿಚನ್ ಅನ್ನುತ್ತಾರೆ. ನಾವು ಅಡುಗೆಮನೆ ಅಂತಲೇ ಕರೆಯುತ್ತೇವೆ. ಅದರೊಳಗೆ ನಿಂತು ಚೆಂಡನ್ನು ಪುಟಿಯಲು ಬಿಡದೆ ಹೊಡೆಯುವಂತಿಲ್ಲ. ಗೆರೆ ತುಳಿದರೂ ತಪ್ಪು. ಶಟಲ್‌ನ ಮುಂದಿನ ಸರ್ವ್ ಗೆರೆ ಇರುವುದು ಆರೂವರೆ ಅಡಿಗೆ. ಅಂತರ ಬರೀ ಆರು ಇಂಚು. ಶಟಲ್ ಗೆರೆಯನ್ನೇ ನಂಬಿ ಅದರ ಹಿಂದೆ ನಿಂತರೆ ಕಾಲು ಅಡುಗೆಮನೆಯ ಒಳಗೇ ಇರುತ್ತದೆ. ಪ್ರತಿ ಸಲ ಟೇಪ್ ಅಂಟಿಸಬೇಕು, ಹೋಗುವಾಗ ಕಿತ್ತು ಮ್ಯಾಟ್ ಒರೆಸಬೇಕು. ಆ ಕೆಲಸ ಮಾಡಲು ನನಗೇನೂ ಬೇಜಾರಿಲ್ಲ. ಆಟದ ನಡುವೆ ಬರುವ ಜಗಳಕ್ಕೆ ಬೇಜಾರು.

ಜುಲೈ ತಿಂಗಳ ಸೆಖೆಯನ್ನೂ ಹೇಳಬೇಕು. ಹೊರಗೆ ಮಳೆ, ಒಳಗೆ ಕಿಟಕಿ ಮುಚ್ಚಿರುತ್ತದೆ, ಪಕ್ಕದಲ್ಲಿ ಶಟಲ್ ಆಡುವವರಿಗೆ ಗಾಳಿ ಆಗುವುದಿಲ್ಲ. ಹತ್ತು ನಿಮಿಷಕ್ಕೆ ಪ್ಯಾಡಲ್ ಹಿಡಿ ಒದ್ದೆ. ಬೆವರಿನ ಹನಿ ಮ್ಯಾಟ್ ಮೇಲೆ ಬಿದ್ದರೆ ಅಲ್ಲೇ ಜಾರುತ್ತದೆ. ಒಂದು ಟವೆಲ್ ಕೈಗೆ, ಇನ್ನೊಂದು ನೆಲಕ್ಕೆ ಎಂದು ಎರಡು ಇಟ್ಟುಕೊಳ್ಳುವುದು ನಾನು ಕಲಿತ ಬುದ್ಧಿ. ಶೂ ಕೂಡ ಬೇರೆಯೇ ಬೇಕು. ಹಾಲ್‌ಗೆ ಮೆತ್ತನೆ ಗಮ್ ಸೋಲಿನದ್ದು, ಕಾಂಕ್ರೀಟಿಗೆ ಗಟ್ಟಿ ಸೋಲಿನದ್ದು. ಗಮ್ ಸೋಲ್ ಕಾಂಕ್ರೀಟ್ ಮೇಲೆ ಬೇಗ ಸವೆಯುತ್ತದೆ. ಓಡುವ ಶೂ ಎರಡಕ್ಕೂ ಬೇಡ. ಈ ಆಟದಲ್ಲಿ ಕಾಲು ಅಡ್ಡಡ್ಡ ಸರಿಯುತ್ತದೆ, ಓಡುವ ಶೂ ಮಾಡಿರುವುದು ಮುಂದಕ್ಕೆ ಹೋಗಲು.

ಇಷ್ಟೆಲ್ಲ ಹೇಳಿ ಬಯಲಿನ ತಪ್ಪು ಮುಚ್ಚಿಟ್ಟರೆ ಸರಿಯಾಗುವುದಿಲ್ಲ. ನನ್ನ ಎಡಗೈ ಮಣಿಕಟ್ಟು ಮುರಿದದ್ದು ಹೊರಗಿನ ಅಂಗಳದಲ್ಲೇ. ಹೋದ ವರ್ಷ ಅಕ್ಟೋಬರ್, ಇದೇ ಥರ ಮಳೆ ಕಡಿಮೆಯಾದ ವಾರ. ನೆಲ ಒಣಗಿದ ಹಾಗೆ ಕಾಣುತ್ತಿತ್ತು. ಮೂಲೆಯಲ್ಲಿ, ಗೋಡೆಯ ನೆರಳು ಬೀಳುವ ಕಡೆ, ಕಪ್ಪು ಪಾಚಿ ಹಾಗೇ ಇತ್ತು. ಎದುರಿನವರು ಲಾಬ್ ಎತ್ತಿದರು, ಅಂದರೆ ಚೆಂಡನ್ನು ನನ್ನ ತಲೆ ಮೇಲಿಂದ ಹಿಂದೆ ಬೀಳುವ ಹಾಗೆ ಎತ್ತರಕ್ಕೆ ಕಳಿಸಿದರು. ನಾನು ಚೆಂಡು ನೋಡುತ್ತಾ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಟ್ಟೆ. ಕಾಲು ಹೋದದ್ದೇ ಗೊತ್ತಾಗಲಿಲ್ಲ. ಆರು ವಾರ ಪ್ಲಾಸ್ಟರ್. ಬೋರ್ಡಿನ ಮೇಲೆ ಬಲಗೈಯಲ್ಲಿ ಬರೆಯಬಹುದಿತ್ತು, ಆದರೆ ಸ್ಕೇಲ್ ಹಿಡಿಯಲು ಪ್ರತಿ ಪಿರಿಯಡ್‌ನಲ್ಲೂ ಒಬ್ಬ ಹುಡುಗಿ ಎದ್ದು ಬರಬೇಕಿತ್ತು.

ಅದಕ್ಕೇ ಗುಂಪಿನವರಿಗೆ ಕೈಮುಗಿದು ಹೇಳುತ್ತೇನೆ. ಮಳೆ ನಿಂತಿತು ಎಂದು ಮಾರನೇ ದಿನವೇ ಹೊರಗೆ ಹೋಗಬೇಡಿ. ಮೊದಲು ಬ್ಲೀಚಿಂಗ್ ಪೌಡರ್ ಹಾಕಿ, ಒಂದು ತಾಸು ಬಿಟ್ಟು, ತೆಂಗಿನ ಕಡ್ಡಿಯ ಪೊರಕೆಯಿಂದ ಉಜ್ಜಿ ತೊಳೆಯಬೇಕು. ನೆರಳಿನ ಮೂಲೆಗೆ ಎರಡು ಸಲ. ಲಾಬ್ ಬಂದರೆ ಮೈ ತಿರುಗಿಸಿ ಓಡಿ, ಹಿಮ್ಮುಖವಾಗಿ ಹೋಗಲೇಬೇಡಿ. ಸಿಗಲಿಲ್ಲವೋ, ಒಂದು ಪಾಯಿಂಟ್ ಹೋಗಲಿ.

ಮತ್ತೆ ಯಾಕೆ ಬಯಲು ಅನ್ನುತ್ತೀಯ ಎಂದು ಮಗಳು ಫೋನಿನಲ್ಲಿ ಕೇಳಿದಳು. ಗಾಳಿಗೋಸ್ಕರವೇ ಎಂದೆ.

ಕಾರವಾರದ ಗಾಳಿಗೆ ಒಂದು ವೇಳಾಪಟ್ಟಿ ಇದೆ. ಡಿಸೆಂಬರ್, ಜನವರಿಯಲ್ಲಿ ಬೆಳಗ್ಗೆ ಆರೂವರೆಗೆ ಘಟ್ಟದ ಕಡೆಯಿಂದ ತಣ್ಣಗೆ, ಸಣ್ಣಗೆ ಬರುತ್ತದೆ. ಪೂರ್ವಕ್ಕೆ ಗುಡ್ಡ ಇರುವುದರಿಂದ ಸೂರ್ಯ ಕಣ್ಣಿಗೆ ಬೀಳುವುದೂ ತಡ. ಎಂಟೂವರೆ ಹೊತ್ತಿಗೆ ಗಾಳಿ ಪೂರ್ತಿ ನಿಂತುಬಿಡುತ್ತದೆ. ಆಗ ಎರಡು ಆಟ ಸಿಕ್ಕರೆ ಅದೇ ಭಾಗ್ಯ. ಹೊತ್ತೇರಿದಂತೆ ನೆಲ ಕಾದು ಸಮುದ್ರದ ಕಡೆಯಿಂದ ತಿರುಗಿ ಬೀಸಲು ಶುರು. ಮಧ್ಯಾಹ್ನ ಮೂರಕ್ಕೆ ಜೋರು. ಸಂಜೆ ಆಡುವುದಾದರೆ ಒಂದು ಬದಿಯವರ ಬೆನ್ನಿಗೆ ಗಾಳಿ, ಇನ್ನೊಂದು ಬದಿಯವರ ಮುಖಕ್ಕೆ. ನಿಯಮದ ಪ್ರಕಾರ 11 ಪಾಯಿಂಟಿನ ಆಟದಲ್ಲಿ ಆರಕ್ಕೆ ಬದಿ ಬದಲಿಸುವುದು ಪಂದ್ಯದ ಕೊನೆಯ ನಿರ್ಣಾಯಕ ಆಟಕ್ಕೆ ಮಾತ್ರ. ನಾವು ಕೋಡಿಬಾಗದಲ್ಲಿ ಪ್ರತಿ ಆಟಕ್ಕೂ ಬದಲಿಸುತ್ತೇವೆ. ಇಲ್ಲದಿದ್ದರೆ ಅದು ನ್ಯಾಯ ಅಲ್ಲ.

ಈ ಗಾಳಿ ನನ್ನ ಆಟವನ್ನೇ ಬದಲಿಸಿತು. ಹಾಲ್‌ನಲ್ಲಿ ನಾನು ಬರೀ ಎತ್ತಿ ಎತ್ತಿ ಕಳಿಸುತ್ತಿದ್ದೆ. ಬಯಲಲ್ಲಿ ಎತ್ತಿದರೆ ಚೆಂಡು ನಮ್ಮದಾಗಿ ಉಳಿಯುವುದಿಲ್ಲ. ನೆಟ್ಟಿನ ಮೇಲೆ ಒಂದು ಗೇಣು ಬಿಟ್ಟು, ಮೆತ್ತಗೆ ಅವರ ಅಡುಗೆಮನೆಯಲ್ಲಿ ಬೀಳಿಸಬೇಕು. ಇದಕ್ಕೆ ಡಿಂಕ್ ಅನ್ನುತ್ತಾರೆ. ಹೊಡೆಯುವುದಲ್ಲ ಅದು, ಮಗುವಿನ ಕೈಗೆ ಬಟ್ಟಲು ಕೊಟ್ಟ ಹಾಗೆ. ನೆಟ್ಟಿನ ನಡುಭಾಗ ಬದಿಗಿಂತ ಎರಡು ಇಂಚು ತಗ್ಗು, 34 ಇಂಚು. ಅಲ್ಲಿಂದ ದಾಟಿಸಿದರೆ ಇನ್ನೂ ಒಳ್ಳೆಯದು. ಇದು ಕೈಗೆ ಬರಲು ನನಗೆ ಒಂದು ಇಡೀ ಬೇಸಿಗೆ ಬೇಕಾಯಿತು. ಬಂದ ಮೇಲೆ ನನಗಿಂತ ಇಪ್ಪತ್ತು ವರ್ಷ ಸಣ್ಣವರ ಜೊತೆಗೂ ಹೆದರದೆ ನಿಲ್ಲುತ್ತೇನೆ.

ಇನ್ನೊಂದು ಕಾರಣ ಜನ. ಹಾಲ್‌ಗೆ ಬಾಗಿಲಿದೆ, ಒಳಗೆ ಬರುವವರು ಮೊದಲೇ ದುಡ್ಡು ಕೊಟ್ಟವರು. ಕೋಡಿಬಾಗದ ಅಂಗಳಕ್ಕೆ ಬಾಗಿಲಿಲ್ಲ. ಮೀನು ವ್ಯಾಪಾರದವರು ನಮ್ಮ ಜೊತೆ ಸೇರಿದ್ದು ಹಾಗೇ. ಒಂದು ದಿನ ಸ್ಕೂಟರ್ ನಿಲ್ಲಿಸಿ ನೋಡಿದರು, ಮರುದಿನ ಇಳಿದು ನೋಡಿದರು, ಮೂರನೇ ದಿನ ಪ್ಯಾಡಲ್ ಕೇಳಿದರು. ನಮ್ಮ ಹನ್ನೊಂದರಲ್ಲಿ ಆರು ಜನ ಹೀಗೆ ದಾರಿಯಿಂದಲೇ ಬಂದವರು. ಹಾಲ್‌ನಿಂದ ಸೇರಿದವರು ಒಬ್ಬರೂ ಇಲ್ಲ.

ಹಾಗಾಗಿ ನನ್ನ ಉತ್ತರ ಇದು. ಅಕ್ಟೋಬರ್ 15ರವರೆಗೆ ಹಾಲ್ ಇರಲಿ. ಅಷ್ಟರಲ್ಲಿ ಒಂದು ಭಾನುವಾರ ಎಲ್ಲರೂ ಸೇರಿ ಅಂಗಳ ಉಜ್ಜೋಣ. ಆಮೇಲೆ ಮೇ ಕೊನೆಯವರೆಗೆ ಬಯಲು. ಹಾಲ್‌ಗೆ ಕೊಡುವ ದುಡ್ಡಿನಲ್ಲಿ 40 ತೂತಿನ ಚೆಂಡು ಒಂದು ಡಜನ್ ತರಿಸೋಣ.

ಮಳೆಗಾಲಕ್ಕೂ ಒಂದು ದಾರಿ ಇದೆ ಎಂದು ಈಗೀಗ ಅನ್ನಿಸುತ್ತಿದೆ. ಆಗಸ್ಟ್‌ನಲ್ಲಿ ತವರಿಗೆ ಹೋಗಿದ್ದೆ. ಅಣ್ಣ ಅಡಿಕೆ ಒಣಗಿಸುವ ಅಂಗಳಕ್ಕೆ ಕಬ್ಬಿಣದ ಕಂಬ ನೆಟ್ಟು, ಬೆಳಕು ಬೀಳುವ ಶೀಟ್ ಹೊದಿಸಿದ್ದಾನೆ. ಸುತ್ತ ಗೋಡೆ ಇಲ್ಲ. ಚಾಲಿ, ಅಂದರೆ ಒಣ ಅಡಿಕೆಯ ಕೆಲಸ ಮುಗಿದು ಅಂಗಳ ಖಾಲಿ ಇತ್ತು. ಅತ್ತಿಗೆ, ಅಣ್ಣನ ಮಗ, ನಾನು ಮೂವರೇ ನೆಟ್ ಕಟ್ಟಿದೆವು. ಶಿರಸಿಯ ಮಳೆ ಶೀಟಿನ ಮೇಲೆ ಹೊಡೆಯುತ್ತಿತ್ತು, ಪಾಯಿಂಟ್ ಕೂಗಿದ್ದು ಕೇಳದೆ ಬೆರಳು ತೋರಿಸುತ್ತಿದ್ದೆವು. ನೆಲ ಒಣಗಿತ್ತು, ಗಾಳಿ ಆಡುತ್ತಿತ್ತು, ಸೆಖೆ ಇರಲಿಲ್ಲ. ಎತ್ತರ ಮಾತ್ರ ಸಾಲದು, ಹತ್ತೇ ಅಡಿ. ಲಾಬ್ ಎತ್ತಿದರೆ ಶೀಟಿಗೆ ಬಡಿಯುತ್ತದೆ. ಹಾಗಾಗಿ ಮಧ್ಯಾಹ್ನ ಪೂರ್ತಿ ಡಿಂಕ್ ಮಾತ್ರ ಆಡಿದೆವು.

ಬಂದ ಮೇಲೆ ಕೋಡಿಬಾಗದ ಜಾಗದವರಿಗೆ ಇದನ್ನು ಹೇಳಿದೆ. ಅವರಿಗೂ ಕಾರು ನಿಲ್ಲಿಸಲು ಮಾಡು ಬೇಕಂತೆ. ಎಷ್ಟು ಎತ್ತರ ಬೇಕು ಎಂದು ಕೇಳಿದರು. ಇಪ್ಪತ್ತು ಅಡಿ ಎಂದೆ. ಸಮುದ್ರದ ಗಾಳಿಗೆ ಅಷ್ಟೆತ್ತರದ ಶೀಟ್ ನಿಲ್ಲುತ್ತದಾ ಎಂದು ವೆಲ್ಡಿಂಗ್‌ನವರನ್ನು ಕೇಳಬೇಕು. ಬರುವ ಶನಿವಾರ ಬರುತ್ತಾರೆ. ಟೇಪ್ ಹಿಡಿಯಲು ಗುಂಪಿನಿಂದ ಇಬ್ಬರು ಬನ್ನಿ.