ಅವಳು ಅವನ ಕುಡಿತ ಯಾಕೆ ಬಿಡಿಸಲಿಲ್ಲ?

ಕೋಲಾರದ ನಮ್ಮ ಮನೆ ಮಹಡಿ ಮೇಲೆ ಗೆಳೆಯರಿಗೆ ಆಗಾಗ ಸಿನಿಮಾ ಹಾಕುತ್ತೇನೆ. ‘ಲೀವಿಂಗ್ ಲಾಸ್ ವೇಗಸ್’ ಹಾಕಿದಾಗಲೆಲ್ಲ, ಮುಗಿದ ಮೇಲೆ ಯಾರಾದರೊಬ್ಬರು ಕೇಳೇ ಕೇಳುತ್ತಾರೆ: ಅಷ್ಟು ಪ್ರೀತಿ ಇದ್ದವಳು ಅವನ ಕುಡಿತ ಬಿಡಿಸಬಹುದಿತ್ತು, ಅಲ್ವಾ?

ನೋಡದವರಿಗೆ ಕಥೆ ಇಷ್ಟು. ಬೆನ್ ಹಾಲಿವುಡ್‌ನಲ್ಲಿ ಚಿತ್ರಕಥೆ ಬರೆಯುವವನು. ಹೆಂಡತಿ, ಮಗ ದೂರವಾಗಿದ್ದಾರೆ. ಕುಡಿತದಿಂದ ಕೆಲಸವೂ ಹೋಗಿದೆ. ಕುಡಿದೇ ಸಾಯುತ್ತೇನೆ ಅಂತ ತೀರ್ಮಾನ ಮಾಡಿ ಲಾಸ್ ವೇಗಸ್‌ಗೆ ಬರುತ್ತಾನೆ. ಅಲ್ಲಿ ಮೈ ಮಾರಿ ಬದುಕುವ ಸೆರಾ ಸಿಗುತ್ತಾಳೆ. ಇಬ್ಬರೂ ಒಂದೇ ಮನೆಯಲ್ಲಿರುತ್ತಾರೆ, ಒಂದು ಷರತ್ತಿನ ಮೇಲೆ. ಕುಡಿಯಬೇಡ ಅಂತ ಅವಳು ಯಾವತ್ತೂ ಹೇಳಬಾರದು.

1995ರ ಸಿನಿಮಾ ಇದು. ಖರ್ಚಾಗಿದ್ದು ಸುಮಾರು 40 ಲಕ್ಷ ಡಾಲರ್, ಹಾಲಿವುಡ್‌ಗೆ ಅದು ಚಿಲ್ಲರೆ ಕಾಸು. ನಿರ್ದೇಶಕ ಮೈಕ್ ಫಿಗಿಸ್ ಸೂಪರ್ 16 ಎಂಎಂ ಅನ್ನೋ ಸಣ್ಣ ಫಿಲ್ಮಿನ ಕ್ಯಾಮೆರಾ ಹಿಡಿದು, ಕೆಲವು ಕಡೆ ಪರ್ಮಿಟ್ ಕೂಡ ಇಲ್ಲದೆ ಬೀದಿಯಲ್ಲೇ ಶೂಟ್ ಮಾಡಿದ. ಬೆನ್ ಆಗಿ ನಟಿಸಿದ ನಿಕೋಲಸ್ ಕೇಜ್‌ಗೆ ಆಸ್ಕರ್ ಬಂತು. ಮೂಲ ಕಾದಂಬರಿ ಬರೆದ ಜಾನ್ ಒಬ್ರಿಯನ್ ಮಾತ್ರ ಇದನ್ನೆಲ್ಲ ನೋಡಲಿಲ್ಲ. ಅವನೂ ಕುಡಿತದಲ್ಲಿ ಬೆಂದವನೇ. 1994ರಲ್ಲಿ, 33ನೇ ವಯಸ್ಸಿಗೆ, ತಾನೇ ಪ್ರಾಣ ಕಳೆದುಕೊಂಡ.

ಈಗ ಪ್ರಶ್ನೆಗೆ ಬರೋಣ. ಅವಳು ಹೇಳಲೇ ಇಲ್ಲ ಅನ್ನೋದೇ ಸುಳ್ಳು. ಕೊನೆಕೊನೆಗೆ ಷರತ್ತು ಮುರಿದು, ಡಾಕ್ಟರ್ ಹತ್ತಿರ ಹೋಗು ಅನ್ನುತ್ತಾಳೆ. ಅವನು ಹೋಗಲ್ಲ ಅಂತಾನೆ, ಬೇರೆ ಕಡೆ ರೂಮ್ ಮಾಡಿಕೊಳ್ಳುವ ಮಾತೆತ್ತುತ್ತಾನೆ. ಇದನ್ನು ನೋಡಿಯೂ ಜನ ಮರೆತುಬಿಡುತ್ತಾರೆ. ಯಾಕಂದ್ರೆ ಕುಡುಕನ ಮನೆಯಲ್ಲಿ ಲೆಕ್ಕ ಕೇಳೋದು ಹೆಂಗಸಿನ ಹತ್ತಿರ ಅನ್ನೋದು ನಮಗೆ ರೂಢಿ. ಮದುವೆ ಮಾಡಿದ್ರೆ ಸರಿ ಹೋಗ್ತಾನೆ ಅಂತ ಹೆಣ್ಣು ತರುತ್ತೇವೆ, ಸರಿ ಹೋಗಲಿಲ್ವಾ, ಅವಳ ಕಾಲ್ಗುಣ ಸರಿಯಿಲ್ಲ!

ಇನ್ನೊಂದು ದೃಶ್ಯ ನೋಡಿ. ಬ್ಯಾಂಕಿನಲ್ಲಿ ಚೆಕ್‌ಗೆ ಸಹಿ ಹಾಕಬೇಕು, ಬೆನ್ ಕೈ ನಡುಗುತ್ತದೆ, ಆಗೋದೇ ಇಲ್ಲ. ಹೊರಗೆ ಹೋಗಿ ಕುಡಿದು ಬಂದ ಮೇಲೆ ಕೈ ನಿಲ್ಲುತ್ತದೆ. ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವ ಒಬ್ಬರು ಇದನ್ನು ನೋಡಿ, “ನಮ್ಮಣ್ಣನೂ ಹಿಂಗೇ ಸಾರ್, ಬೆಳಗ್ಗೆ ಟೀ ಲೋಟ ಎರಡು ಕೈಲಿ ಹಿಡಿಯೋನು. ಆದ್ರೂ ಚೆಲ್ಲೋದು” ಅಂದರು. ಅಣ್ಣ ಪ್ರತಿ ವರ್ಷ ಅಯ್ಯಪ್ಪನ ಮಾಲೆ ಹಾಕುತ್ತಿದ್ದನಂತೆ. ಮಾಲೆ ಇರುವ 41 ದಿನ ಕುಡಿತದ ಸುದ್ದಿಯಿಲ್ಲ, ತೆಗೆದ ದಿನ ಸಂಜೆಗೇ ಅಂಗಡಿ ಮುಂದೆ. ಒಂದು ಸಲ ಮಾಲೆ ಹಾಕಿದ ಮಾರನೇ ದಿನ ಫಿಟ್ಸ್ ಬಂತು. ದೇವರ ಕೋಪ ಅಂದುಕೊಂಡರಂತೆ.

ಕೋಪ ಅಲ್ಲ. ವರ್ಷಗಟ್ಟಲೆ ವಿಪರೀತ ಕುಡಿದವರು ಏಕ್‌ದಂ ನಿಲ್ಲಿಸಿದರೆ ಹೀಗಾಗಬಹುದು. ಮೊದಲ ಎರಡು ದಿನದಲ್ಲಿ ಫಿಟ್ಸ್, ಎರಡು ಮೂರನೇ ದಿನಕ್ಕೆ ಇಲ್ಲದ್ದು ಕಾಣೋದು, ಬಡಬಡಿಸೋದು. ಜೀವಕ್ಕೇ ಅಪಾಯ. ಅದಕ್ಕೇ ಡಾಕ್ಟರ್ ಮಾತ್ರೆ ಕೊಟ್ಟು, ನೋಡಿಕೊಂಡು ಬಿಡಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಒಂದು ವಿಭಾಗವಿದೆ. ಸೆರಾ ಪಾಪ, ಅತ್ತು ಕರೆದು ಬಾಟಲಿ ಒಡೆದುಹಾಕಿದ್ದರೂ ಅಷ್ಟಕ್ಕೇ ಬಿಡಿಸೋಕೆ ಆಗುತ್ತಿರಲಿಲ್ಲ.

ಹಾಗಂತ ಈ ಸಿನಿಮಾದ ಎಲ್ಲವನ್ನೂ ನಾನು ಒಪ್ಪಲ್ಲ. ಅವಳು ಅವನಿಗೆ ಜೇಬಿನಲ್ಲಿಡುವ ಮದ್ಯದ ಫ್ಲಾಸ್ಕ್ ಉಡುಗೊರೆ ಕೊಡುವಾಗ ಮೈ ಉರಿಯುತ್ತದೆ. ಸಾವನ್ನೂ ಜಾಸ್ತಿ ಚಂದ ಮಾಡಿದ್ದಾರೆ, ಜಾಜ್ ಸಂಗೀತ, ಬಣ್ಣದ ದೀಪ. ಲಿವರ್ ಹೋದವರನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಕಣ್ಣು ಅರಿಶಿನ, ಹೊಟ್ಟೆ ಊದಿ ಬಿಗಿದಿರುತ್ತೆ, ಕೈಕಾಲು ಕಡ್ಡಿ. ಅದ್ಯಾವುದೂ ಇಲ್ಲಿಲ್ಲ.

ಮನೆಮಂದಿ ಜೊತೆ ನೋಡಬಹುದಾ ಅಂತಲೂ ಕೇಳುತ್ತಾರೆ. ಮಕ್ಕಳಿಗೆ ಖಂಡಿತ ಬೇಡ, ಸೆರಾ ಮೇಲೆ ನಡೆಯುವ ಅತ್ಯಾಚಾರದ ದೃಶ್ಯ ದೊಡ್ಡವರಿಗೇ ಕಷ್ಟ. ಮನೆಯಲ್ಲಿ ಯಾರಾದರೂ ಈಗಷ್ಟೇ ಕುಡಿತ ಬಿಟ್ಟಿದ್ದರೆ ಅವರ ಮುಂದೆಯೂ ಹಾಕಬೇಡಿ, ತೆರೆ ತುಂಬ ಬಾಟಲಿಗಳೇ.