ರಿಯೊದ ಆ ನಾಲ್ವರು ಮತ್ತು ಒಂದಡಿಯ ದಾರ

2016ರ ಸೆಪ್ಟೆಂಬರ್ 11ರಂದು ರಿಯೊ ಡಿ ಜನೈರೊದಲ್ಲಿ ಪ್ಯಾರಾಲಿಂಪಿಕ್ಸ್‌ನ ಪುರುಷರ 1500 ಮೀಟರ್ ಓಟದ ಟಿ13, ಅಂದರೆ ದೃಷ್ಟಿದೋಷವುಳ್ಳವರ ಒಂದು ವಿಭಾಗದ ಫೈನಲ್ ನಡೆಯಿತು. ಅಲ್ಜೀರಿಯಾದ ಅಬ್ದೆಲ್ಲತೀಫ್ ಬಾಕಾ 3 ನಿಮಿಷ 48.29 ಸೆಕೆಂಡ್‌ಗಳಲ್ಲಿ ಗುರಿ ಮುಟ್ಟಿ, ಆ ವಿಭಾಗದ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು. ಇಥಿಯೋಪಿಯಾದ ತಮಿರು ದೆಮಿಸ್ಸೆ ಅವರಿಗಿಂತ ಸೆಕೆಂಡಿನ ಐದನೇ ಒಂದು ಪಾಲಿನಷ್ಟು ಹಿಂದೆ, ಅಂದರೆ ಓಟದ ಆ ವೇಗದಲ್ಲಿ ಹೆಚ್ಚುಕಡಿಮೆ ಒಂದೂವರೆ ಮೀಟರ್ ಅಂತರದಲ್ಲಿ ಬಂದರು. ಕೀನ್ಯಾದ ಹೆನ್ರಿ ಕಿರ್ವಾ 3:49.59ರಲ್ಲಿ ಮೂರನೆಯವರಾದರೆ, ಅಬ್ದೆಲ್ಲತೀಫ್ ಅವರ ಸಹೋದರ ಫುವಾದ್ ಬಾಕಾ 3:49.84ರಲ್ಲಿ ನಾಲ್ಕನೆಯವರಾಗಿ ಪದಕ ತಪ್ಪಿಸಿಕೊಂಡರು.

ಇದಕ್ಕೆ 22 ದಿನಗಳ ಹಿಂದೆ ಅದೇ ಟ್ರ್ಯಾಕಿನಲ್ಲಿ ಅಮೆರಿಕದ ಮ್ಯಾಥ್ಯೂ ಸೆಂಟ್ರೊವಿಟ್ಜ್ ಒಲಿಂಪಿಕ್ ಚಿನ್ನ ಗೆದ್ದಾಗ ಅವರು ತೆಗೆದುಕೊಂಡ ಸಮಯ 3 ನಿಮಿಷ 50.00 ಸೆಕೆಂಡ್. ದೃಷ್ಟಿದೋಷವುಳ್ಳ ನಾಲ್ವರು ಒಲಿಂಪಿಕ್ ಚಾಂಪಿಯನ್‌ಗಿಂತ ವೇಗವಾಗಿ ಓಡಿದರು ಎಂಬ ಸುದ್ದಿ ಜಗತ್ತಿನಾದ್ಯಂತ ಹಬ್ಬಿತು. ಇಂದಿಗೂ ಪ್ಯಾರಾಲಿಂಪಿಕ್ಸ್ ಹತ್ತಿರವಾದಾಗಲೆಲ್ಲ ನನ್ನ ವಾಟ್ಸ್‌ಆ್ಯಪ್‌ಗೆ ಆ ಸುದ್ದಿ ಯಾರ ಮೂಲಕವಾದರೂ ಬಂದೇ ಬರುತ್ತದೆ. ಕೆಲವು ವರ್ಷಗಳ ಕಾಲ ನಾನೂ ಅದನ್ನು ಅಷ್ಟೇ ಹೆಮ್ಮೆಯಿಂದ ಇತರರಿಗೆ ಹೇಳಿದ್ದೇನೆ. ಅಂಕಿಗಳು ಸುಳ್ಳಲ್ಲ. ಆದರೆ ಆ ಹೋಲಿಕೆಯಿಂದ ಆ ನಾಲ್ವರಿಗೆ ಸಲ್ಲಬೇಕಾದ ನ್ಯಾಯ ಸಲ್ಲುವುದಿಲ್ಲ ಎಂದು ಈಗ ನನಗೆ ಖಚಿತವಾಗಿ ಅನ್ನಿಸುತ್ತದೆ, ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಲಿಂಪಿಕ್ ಫೈನಲ್ ವಿಷಯ. 1500 ಮೀಟರ್ ಎಂದರೆ ಟ್ರ್ಯಾಕಿನ ಮೂರು ಮುಕ್ಕಾಲು ಸುತ್ತು. ದೊಡ್ಡ ಕೂಟಗಳ ಫೈನಲ್‌ಗಳಲ್ಲಿ ದಾಖಲೆಗಾಗಿ ಯಾರೂ ಓಡುವುದಿಲ್ಲ, ಪದಕಕ್ಕಾಗಿ ಓಡುತ್ತಾರೆ. ಮುಂದೆ ಓಡುವವನು ಗಾಳಿಯನ್ನು ಸೀಳುವ ಶ್ರಮವನ್ನೂ ವೇಗ ನಿರ್ಧರಿಸುವ ಹೊಣೆಯನ್ನೂ ಒಬ್ಬನೇ ಹೊರಬೇಕಾಗುತ್ತದೆ, ಹಿಂದಿನವರು ಅವನ ಬೆನ್ನಿಗಂಟಿಕೊಂಡು ಶಕ್ತಿ ಉಳಿಸಿಕೊಳ್ಳುತ್ತಾರೆ. ಆದ್ದರಿಂದ ಯಾರಿಗೂ ವೇಗ ಹೆಚ್ಚಿಸುವ ಆತುರವಿರುವುದಿಲ್ಲ. ಸೆಂಟ್ರೊವಿಟ್ಜ್ ಮುಂದಿನ ಸ್ಥಾನ ಹಿಡಿದು ಮೊದಲ ಸುತ್ತನ್ನು ಸುಮಾರು 67 ಸೆಕೆಂಡ್‌ಗಳಲ್ಲಿ ಓಡಿದರು, 800 ಮೀಟರ್ ದಾಟುವಾಗ 2 ನಿಮಿಷ 16 ಸೆಕೆಂಡ್ ಕಳೆದಿತ್ತು, ಆ ಮಟ್ಟದವರಿಗೆ ಅದು ಅಭ್ಯಾಸದ ಓಟದ ವೇಗ. ಕೊನೆಯ 400 ಮೀಟರ್‌ಗಳನ್ನು ಮಾತ್ರ 51 ಸೆಕೆಂಡ್‌ಗಳೊಳಗೆ ಮುಗಿಸಿ, ತೌಫಿಕ್ ಮಖ್ಲೂಫಿ ಮತ್ತು ನಿಕ್ ವಿಲ್ಲಿಸ್ ಅವರನ್ನು ಕೂದಲೆಳೆಯ ಅಂತರದಲ್ಲಿ ಹಿಂದೆ ಇಟ್ಟುಕೊಂಡರು. 1932ರ ನಂತರ ಅಷ್ಟು ನಿಧಾನವಾಗಿ ಗೆದ್ದ ಒಲಿಂಪಿಕ್ 1500 ಮೀಟರ್ ಚಿನ್ನ ಇನ್ನೊಂದಿರಲಿಲ್ಲ. ರಿಯೊ ಒಲಿಂಪಿಕ್ಸ್‌ಗೆ ಅರ್ಹತೆ ಪಡೆಯಲು ನಿಗದಿಯಾಗಿದ್ದ ಸಮಯವೇ 3:36.20 ಆಗಿತ್ತು ಎಂಬುದನ್ನು ನೆನೆದರೆ ಆ ಓಟದ ಸ್ವರೂಪ ತಾನೇ ಸ್ಪಷ್ಟವಾಗುತ್ತದೆ. ಹಾಗಾಗಿ ಬಾಕಾ ಆ ದಿನ ಒಲಿಂಪಿಕ್ ಫೈನಲ್‌ನಲ್ಲಿದ್ದಿದ್ದರೆ ಗೆಲ್ಲುತ್ತಿದ್ದರು ಎಂಬ ಮಾತಿಗೆ ಆಧಾರವಿಲ್ಲ. ಆ ಕೊನೆಯ ಸುತ್ತಿಗೆ ಬೇಕಾದ ವೇಗವೇ ಬೇರೆ.

ಇಷ್ಟು ಹೇಳಿದ ಕೂಡಲೇ ಕೆಲವರು, ‘ಹಾಗಿದ್ದರೆ ಅದರಲ್ಲಿ ದೊಡ್ಡಸ್ತಿಕೆ ಏನಿದೆ’ ಎಂದು ಕೇಳಿಬಿಡುತ್ತಾರೆ. ನನಗೆ ನಿಜವಾಗಿ ನೋವಾಗುವುದು ಅಲ್ಲಿಯೇ. ಹೋಲಿಕೆಯೊಂದು ಬಿದ್ದುಹೋದರೆ ಓಟವೇ ಬಿದ್ದುಹೋಯಿತು ಎಂದುಕೊಳ್ಳುವುದಾದರೆ, ನಾವು ಮೊದಲಿನಿಂದಲೂ ಆ ಓಟವನ್ನು ನೋಡಿಯೇ ಇರಲಿಲ್ಲ ಎಂದಾಯಿತು.

ಟಿ13 ಎಂದರೇನು ಎಂಬುದರಿಂದ ಆರಂಭಿಸಬೇಕು. ಟಿ ಎಂದರೆ ಟ್ರ್ಯಾಕ್. 11ರಿಂದ 13ರವರೆಗಿನ ಸಂಖ್ಯೆಗಳು ದೃಷ್ಟಿದೋಷವುಳ್ಳವರ ವಿಭಾಗಗಳು. ಟಿ11ರವರಿಗೆ ದೃಷ್ಟಿ ಇಲ್ಲವೇ ಇಲ್ಲ ಎನ್ನಬಹುದು, ಟಿ12ರವರಿಗೆ ತೀರಾ ಅಲ್ಪ, ಟಿ13ರವರಿಗೆ ಇನ್ನೂ ಸ್ವಲ್ಪ ಹೆಚ್ಚು. ಟಿ13ರಲ್ಲಿ ಓಡುವವರ ಉತ್ತಮ ಕಣ್ಣು, ಕನ್ನಡಕದ ನೆರವು ಪಡೆದ ಮೇಲೂ, ಬೇರೆಯವರು 60 ಮೀಟರ್ ದೂರದಿಂದ ಗುರುತಿಸುವ ವಸ್ತುವನ್ನು ಆರು ಮೀಟರ್ ಸಮೀಪಕ್ಕೆ ಹೋದ ಮೇಲಷ್ಟೇ ಗುರುತಿಸುತ್ತದೆ, ಅಥವಾ ಅದಕ್ಕಿಂತ ಕಡಿಮೆ. ಇನ್ನು ಕೆಲವರಿಗೆ ನೋಟ ಸ್ಪಷ್ಟವಿದ್ದರೂ ಅದರ ವ್ಯಾಪ್ತಿ ಕಿರಿದು, ಎದುರಿನ 40 ಡಿಗ್ರಿಗಿಂತ ಕಡಿಮೆ ಕೋನದಾಚೆ ಅವರಿಗೆ ಏನೂ ಕಾಣುವುದಿಲ್ಲ. ಇವರಿಗೆ ಮಾರ್ಗದರ್ಶಕ ಓಟಗಾರನಿಲ್ಲ. ಒಬ್ಬರೇ ಓಡಬೇಕು.

1500 ಮೀಟರ್ ಓಟವನ್ನು ಬಲ್ಲವರಿಗೆ ಇದರ ಅರ್ಥ ಥಟ್ಟನೆ ಹೊಳೆಯುತ್ತದೆ. 100 ಮೀಟರ್ ಓಟದಲ್ಲಿ ಪ್ರತಿಯೊಬ್ಬರಿಗೂ ಅವರದೇ ಲೇನ್ ಇರುತ್ತದೆ. 1500ರಲ್ಲಿ ಎಲ್ಲರೂ ಒಳಗಿನ ಅಂಚಿಗೆ ಬಂದು ಒಬ್ಬರಿಗೊಬ್ಬರು ಅಂಟಿಕೊಂಡಂತೆ ಓಡುತ್ತಾರೆ. ಮೊಣಕೈ ಮೊಣಕೈಗೆ ತಾಗುತ್ತದೆ, ಮುಂದಿನವನ ಹಿಮ್ಮಡಿ ಹಿಂದಿನವನ ಮೊಣಕಾಲಿಗೆ ತಗಲುವಷ್ಟು ಹತ್ತಿರ ಇರುತ್ತದೆ. ಯಾರು ಹೊರಗಿನಿಂದ ಏರಿ ಬರುತ್ತಿದ್ದಾರೆ, ಯಾರ ಭುಜ ಬಿಗಿಯಾಗಿದೆ, ಯಾರ ಉಸಿರು ಕೆಟ್ಟಿದೆ, ನುಗ್ಗಲು ಎಲ್ಲಿ ಜಾಗ ತೆರೆಯುತ್ತಿದೆ ಎಂಬುದನ್ನು ಓರೆಗಣ್ಣಿನಲ್ಲಿ ಗ್ರಹಿಸುವುದೇ ಈ ಓಟದ ಅರ್ಧ ವಿದ್ಯೆ. ಆ ಓರೆಗಣ್ಣೇ ಇಲ್ಲದವನು, ಇಲ್ಲವೇ ಮುಂದಿನವನ ಬೆನ್ನನ್ನು ಮಸುಕು ಆಕಾರವಾಗಿ ಮಾತ್ರ ಕಾಣುವವನು, ಗಂಟೆಗೆ 23 ಕಿಲೋಮೀಟರ್‌ಗೂ ಹೆಚ್ಚಿನ ವೇಗದಲ್ಲಿ ಆ ಗುಂಪಿನೊಳಗೆ ಓಡುವುದೆಂದರೆ, ಹೆಜ್ಜೆಯ ಸದ್ದನ್ನೂ ಗಾಳಿಯ ಬದಲಾವಣೆಯನ್ನೂ ಓದುತ್ತ ಓಡುವುದು ಎಂದೇ ನಾನು ತಿಳಿದಿದ್ದೇನೆ. ನಾಲ್ಕು ಮಂದಿ ಹಾಗೆ ಓಡಿ 1.55 ಸೆಕೆಂಡ್‌ಗಳ ಅಂತರದೊಳಗೆ ಗುರಿ ಮುಟ್ಟಿದರು ಎಂಬುದೇ ನನ್ನ ಪಾಲಿಗೆ ಆ ದಿನದ ಸುದ್ದಿ.

ಇದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ. ಬೆಂಗಳೂರಿನಲ್ಲಿ ಬ್ಯಾಂಕ್ ಉದ್ಯೋಗದಲ್ಲಿರುವ, ಸಂಪೂರ್ಣ ಅಂಧನಾದ ಗೆಳೆಯನೊಬ್ಬನ ಜೊತೆ ಎರಡು ವರ್ಷಗಳಿಂದ ಭಾನುವಾರ ಬೆಳಿಗ್ಗೆ ನಾನು ಗೈಡ್ ಆಗಿ ಓಡುತ್ತಿದ್ದೇನೆ. ನಮ್ಮಿಬ್ಬರ ನಡುವೆ ಇರುವುದು ಒಂದಡಿ ಉದ್ದದ ಹತ್ತಿಯ ದಾರ, ಅದರ ಎರಡು ತುದಿಗಳಲ್ಲಿ ಬೆರಳು ತೂರಿಸಲು ಕುಣಿಕೆಗಳಿವೆ. ಓಡುವಾಗ ಆ ದಾರ ಎಂದೂ ಬಿಗಿಯಬಾರದು, ಬಿಗಿದರೆ ನಾನು ಅವನನ್ನು ಎಳೆಯುತ್ತಿದ್ದೇನೆ ಎಂದರ್ಥ. ಅವನ ಬಲಗೈ ಹಿಂದೆ ಹೋದಾಗ ನನ್ನ ಕೈಯೂ ಅದೇ ಹದದಲ್ಲಿ ಹಿಂದೆ ಹೋಗಬೇಕು. ನಮ್ಮ ನಡುವೆ ಮಾತು ಬಹಳ ಕಡಿಮೆ: ತಿರುವಿಗೆ ಹತ್ತು ಹೆಜ್ಜೆ ಮೊದಲು ‘ತಿರುವು’, ಅದು ಮುಗಿದಾಗ ‘ನೇರ’, ಮುಂದೆ ಯಾರಾದರೂ ಇದ್ದರೆ ‘ಹೊರಗೆ’. ಮೊದಲ ತಿಂಗಳಲ್ಲಿ ಒಮ್ಮೆ, ಮೂರನೇ ಸುತ್ತಿನ ಹೊತ್ತಿಗೆ ನನಗೇ ಏದುಸಿರು ಬಂದು, ‘ತಿರುವು’ ಎನ್ನುವುದು ಎರಡು ಹೆಜ್ಜೆ ತಡವಾಯಿತು. ಅವನ ಎಡಗಾಲು ಟ್ರ್ಯಾಕಿನ ಒಳ ಅಂಚಿನಲ್ಲಿರುವ, ಐದು ಸೆಂಟಿಮೀಟರ್ ಎತ್ತರದ ಅಲ್ಯೂಮಿನಿಯಂ ಪಟ್ಟಿಗೆ ತಗಲಿತು. ಬೀಳಲಿಲ್ಲ, ಆದರೆ ಪಾದ ಹೊರಳಿ ಮೂರು ವಾರ ಅವನು ಓಡಲಾಗಲಿಲ್ಲ. ಉಸಿರು ಕಟ್ಟಿದಾಗಲೂ ಮಾತು ನಿಲ್ಲಬಾರದು, ಆದ್ದರಿಂದ ಗೈಡ್ ಆದವನು ತಾನು ಕರೆದೊಯ್ಯುವವನಿಗಿಂತ ಸಾಕಷ್ಟು ಹೆಚ್ಚು ವೇಗದ ಓಟಗಾರನಾಗಿರಬೇಕು ಎಂಬುದು ನನಗೆ ಅಂದು ಅರ್ಥವಾಯಿತು.

ಟಿ11 ವಿಭಾಗದ ಅಂತರರಾಷ್ಟ್ರೀಯ ಓಟಗಳನ್ನು ಈಗ ನೋಡುವಾಗ ನನ್ನ ಕಣ್ಣು ಆ ದಾರದ ಮೇಲೆಯೇ ಇರುತ್ತದೆ. ಅಲ್ಲಿ ಓಟಗಾರರೆಲ್ಲರೂ ಬೆಳಕು ತೂರದ ಕಪ್ಪು ಪಟ್ಟಿ ಇಲ್ಲವೇ ಕನ್ನಡಕ ಧರಿಸಲೇಬೇಕು, ಹಾಗಾಗಿ ಒಬ್ಬನಿಗೆ ತುಸು ಬೆಳಕು ಕಂಡು ಇನ್ನೊಬ್ಬನಿಗೆ ಕಾಣದಿರುವ ಪ್ರಶ್ನೆ ಬರುವುದಿಲ್ಲ. ಗೈಡ್ ಎಳೆಯಬಾರದು, ತಳ್ಳಬಾರದು, ಓಟಗಾರನಿಗಿಂತ ಮೊದಲು ಗುರಿಗೆರೆ ದಾಟಬಾರದು. ಈ ನಿಯಮಗಳ ನಡುವೆ ಕೀನ್ಯಾದ ಸ್ಯಾಮ್ವೆಲ್ ಮುಶಾಯ್ ಕಿಮಾನಿ 2012ರ ಲಂಡನ್‌ನಲ್ಲಿ 3:58.37ರ ವಿಶ್ವದಾಖಲೆಯೊಂದಿಗೆ ಗೆದ್ದು, ರಿಯೊದಲ್ಲಿ ಚಿನ್ನ ಉಳಿಸಿಕೊಂಡರು. ಬ್ರೆಜಿಲ್‌ನ ಯೆಲ್ಟ್ಸಿನ್ ಜಾಕ್ವೆಸ್ ಟೋಕಿಯೊದಲ್ಲಿ ಅದನ್ನು 3:57.60ಕ್ಕೆ ಇಳಿಸಿದರು, 2024ರ ಪ್ಯಾರಿಸ್‌ನಲ್ಲಿ ತಮ್ಮದೇ ದಾಖಲೆ ಮುರಿದು 3:55.82ರಲ್ಲಿ ಓಡಿದರು. ಒಂದಡಿಯ ದಾರದಲ್ಲಿ ಕೂಡಿಕೊಂಡ ಇಬ್ಬರು ಮನುಷ್ಯರು ನಾಲ್ಕು ನಿಮಿಷಗಳೊಳಗೆ 1500 ಮೀಟರ್ ಮುಗಿಸುವುದನ್ನು ಟಿವಿಯಲ್ಲಿ ನೋಡುತ್ತ ನಾನು ಎದ್ದು ನಿಂತಿದ್ದೆ.

ಬಾಕಾ ಓಡಿದ ಅದೇ ರಿಯೊ ಕೂಟದಲ್ಲಿ ನಮ್ಮ ದೇಶದ ಅಂಕುರ್ ಧಾಮ ಟಿ11 ವಿಭಾಗದ 1500 ಮೀಟರ್‌ನಲ್ಲಿ ಸ್ಪರ್ಧಿಸಿದ್ದರು ಎಂಬುದು ಬಹುಮಂದಿಗೆ ನೆನಪಿಲ್ಲ. ಉತ್ತರ ಪ್ರದೇಶದ ಬಾಗ್‌ಪತ್ ಜಿಲ್ಲೆಯ ಅವರು ಬಾಲ್ಯದಲ್ಲಿಯೇ ದೃಷ್ಟಿ ಕಳೆದುಕೊಂಡವರು. ಅಲ್ಲಿ ಅವರಿಗೆ ಪದಕ ಬರಲಿಲ್ಲ. ಏಳು ವರ್ಷಗಳ ನಂತರ, 2023ರ ಅಕ್ಟೋಬರ್‌ನಲ್ಲಿ ಹ್ಯಾಂಗ್‌ಝೌನಲ್ಲಿ ನಡೆದ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ 1500 ಮತ್ತು 5000 ಮೀಟರ್ ಎರಡರಲ್ಲೂ ಅವರು ಚಿನ್ನ ಗೆದ್ದರು. ಅದೇ ಕೂಟದಲ್ಲಿ ಮಹಿಳೆಯರ ಟಿ11 1500 ಮೀಟರ್ ಚಿನ್ನ ನಮ್ಮ ಚಿಕ್ಕಮಗಳೂರಿನ ರಕ್ಷಿತಾ ರಾಜು ಅವರದಾಯಿತು. ಇಲ್ಲಿ ನನ್ನ ವಿಷಯ ಪುರುಷರ ಓಟವಾದರೂ ಅವರ ಹೆಸರು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ, ಏಕೆಂದರೆ ನನ್ನ ಗೆಳೆಯ ಓಡಲು ಆರಂಭಿಸಿದ್ದೇ ಅವರ ಸುದ್ದಿಯನ್ನು ರೇಡಿಯೊದಲ್ಲಿ ಕೇಳಿದ ಮೇಲೆ.

ಮಧ್ಯಮ ದೂರದ ಓಟ ದೃಷ್ಟಿದೋಷವುಳ್ಳವರ ವಿಭಾಗಗಳಿಗೆ ಸೀಮಿತವಲ್ಲ. ಮಿದುಳಿನ ಪಾರ್ಶ್ವವಾಯು (ಸೆರೆಬ್ರಲ್ ಪಾಲ್ಸಿ) ಉಳ್ಳವರ ಟಿ37ರಲ್ಲಿ ಐರ್ಲೆಂಡಿನ ಮೈಕಲ್ ಮೆಕಿಲೊಪ್, ಬೌದ್ಧಿಕ ಅಂಗವೈಕಲ್ಯದ ಟಿ20ರಲ್ಲಿ ಅಮೆರಿಕದ ಮೈಕಲ್ ಬ್ರಾನಿಗನ್, ಗಾಲಿಕುರ್ಚಿಯ ಟಿ54ರಲ್ಲಿ ಲಂಡನ್ ಕೂಟವೊಂದರಲ್ಲೇ ನಾಲ್ಕು ಚಿನ್ನ ಗೆದ್ದ ಡೇವಿಡ್ ವಿಯರ್, ಹೀಗೆ ಒಬ್ಬೊಬ್ಬರ ಬಗ್ಗೆಯೂ ಪ್ರತ್ಯೇಕವಾಗಿ ಬರೆಯುವಷ್ಟಿದೆ. ಅವರ ಓಟಗಳ ತಂತ್ರಗಳೂ ಬೇರೆ ಬೇರೆ.

ರಿಯೊಗೆ ಮರಳುತ್ತೇನೆ. ಮೊನ್ನೆ ಆ ಓಟದ ವಿಡಿಯೊವನ್ನು ಮತ್ತೆ ನೋಡಿದೆ. ಹೋಲಿಕೆಯ ಗದ್ದಲದಲ್ಲಿ ಎಷ್ಟೊಂದು ಸಂಗತಿಗಳು ಮುಚ್ಚಿಹೋದವು ಎಂದು ಬೇಸರವಾಯಿತು. ಹೆನ್ರಿ ಕಿರ್ವಾ 2008ರ ಬೀಜಿಂಗ್‌ನಲ್ಲಿ ಈ ದೂರದ ಚಿನ್ನ ಗೆದ್ದವರು, ಎಂಟು ವರ್ಷಗಳ ನಂತರವೂ ಕಂಚಿನ ಮಟ್ಟದಲ್ಲಿ ಉಳಿದಿದ್ದರು. ಅಬ್ದೆಲ್ಲತೀಫ್ ಬಾಕಾ 18 ವರ್ಷದವರಿದ್ದಾಗಲೇ ಲಂಡನ್‌ನಲ್ಲಿ 800 ಮೀಟರ್ ಚಿನ್ನ ಗೆದ್ದಿದ್ದರು, ಆದ್ದರಿಂದ ರಿಯೊದ ಗೆಲುವು ಇದ್ದಕ್ಕಿದ್ದಂತೆ ಬಂದದ್ದಲ್ಲ. ಬೆಳ್ಳಿ ಗೆದ್ದ ತಮಿರು ದೆಮಿಸ್ಸೆ, ಕೆಲವೇ ವಾರಗಳ ಹಿಂದೆ ಒಲಿಂಪಿಕ್ ಮ್ಯಾರಥಾನ್‌ನಲ್ಲಿ ಫೆಯಿಸಾ ಲಿಲೆಸಾ ಮಾಡಿದಂತೆಯೇ, ತಲೆಯ ಮೇಲೆ ಮುಷ್ಟಿಗಳನ್ನು ಅಡ್ಡವಾಗಿ ಹಿಡಿದು ತಮ್ಮ ದೇಶದ ಒರೊಮೊ ಜನರ ಪರವಾಗಿ ಪ್ರತಿಭಟನೆ ತೋರಿದರು.

ಆ ವಿಡಿಯೊ ಓಡುತ್ತಿದ್ದಾಗ ಗೆಳೆಯ ನನ್ನ ಪಕ್ಕದಲ್ಲಿ ಕುಳಿತಿದ್ದ. ಯಾರು ಎಲ್ಲಿದ್ದಾರೆ ಎಂದು ನಾನು ಹೇಳುತ್ತಾ ಹೋದೆ. ಕೊನೆಯ ಸುತ್ತಿನ ಗಂಟೆ ಕೇಳಿಸಿದಾಗ ಅವನು ಕೈ ಎತ್ತಿ ನನ್ನನ್ನು ಸುಮ್ಮನಾಗಿಸಿದ. ಓಟ ಮುಗಿಯುವವರೆಗೂ ಮಾತಾಡಲಿಲ್ಲ. ಆಮೇಲೆ ಅವನು ಒಲಿಂಪಿಕ್ ಚಾಂಪಿಯನ್ ಬಗ್ಗೆ ಏನನ್ನೂ ಕೇಳದೆ, ಫುವಾದ್ ತನ್ನ ಸಹೋದರ ಗೆದ್ದದ್ದನ್ನು ಗುರಿಗೆರೆ ದಾಟುವ ಮೊದಲೇ ತಿಳಿದುಕೊಂಡಿರಬಹುದೇ ಎಂದು ಕೇಳಿದ. 1.55 ಸೆಕೆಂಡ್ ಎಂದರೆ ಹೆಚ್ಚುಕಡಿಮೆ ಹತ್ತು ಮೀಟರ್. ಅಷ್ಟು ದೂರದಲ್ಲಿ, ಮೂವರ ಬೆನ್ನಿನ ಹಿಂದಿನಿಂದ, ಅವರಿಗೆ ಎಷ್ಟು ಕಂಡಿರಬಹುದು ಎಂದು ನಾವಿಬ್ಬರೂ ಬಹಳ ಹೊತ್ತು ಮಾತಾಡಿಕೊಂಡೆವು.